ಪ್ರಾರ್ಥನೆ ಬರೀ ಬೇಡಿಕೆ ಪಟ್ಟಿ ಆಗಿಬಿಟ್ಟಿದೆ, ಆಳಕ್ಕೆ ಹೋಗೋದು ಹೇಗೆ?

ಪೀಣ್ಯ_ಪಾಳಿ
ಎಲ್ಲರಿಗೂ ವಂದನೆ. ನಾನಿರುವುದು ಟಿ. ದಾಸರಹಳ್ಳಿಯಲ್ಲಿ, ಪೀಣ್ಯದಲ್ಲಿ ಲೇತ್ ಕೆಲಸ. ನಮ್ಮದು ತುಮಕೂರು ಕಡೆಯ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ ಕ್ರೈಸ್ತ ಕುಟುಂಬ. ಚಿಕ್ಕಂದಿನಲ್ಲಿ ಸಂಜೆಯಾದರೆ ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದೆವು. ಬೈಬಲಿನ ಒಂದು ಕೀರ್ತನೆ, ಒಂದು ಹಾಡು, ಕೊನೆಗೆ ಅಪ್ಪನ ಪ್ರಾರ್ಥನೆ. ಅಷ್ಟಾಗದೆ ಊಟವಿರಲಿಲ್ಲ.

ಈಗ ನನ್ನ ಮನೆಯಲ್ಲೂ ಪ್ರಾರ್ಥನೆ ನಡೆಯುತ್ತದೆ. ಆದರೆ ಹೇಗಿದೆ ಗೊತ್ತಾ? ಅಮ್ಮನ ಆರೋಗ್ಯ, ಮಗಳ ಸ್ಕೂಲ್ ಫೀಸು, ಗಾಡಿಯ ಇಎಂಐ, ಮೇಸ್ತ್ರಿ ಜೊತೆಗಿನ ಕಿರಿಕಿರಿ, ಆಮೆನ್. ಎರಡು ನಿಮಿಷ. ದೇವರ ಜೊತೆ ಇದ್ದೆ ಅಂತ ಅನ್ನಿಸುವುದೇ ಇಲ್ಲ. ಅಪ್ಪ ಪ್ರಾರ್ಥನೆ ಮಾಡುವಾಗ ಅವರ ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗಿರುತ್ತಿತ್ತು. ನನಗೆ ಅದು ಬೇಕು.

ಇನ್ನೊಂದು ವಿಷಯ. ಅಮ್ಮನಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್ ನಡೀತಿದೆ. ನಮ್ಮ ಚರ್ಚಿನ ಸಭೆಯವರೆಲ್ಲ ಪ್ರಾರ್ಥನೆ ಮಾಡಿದ್ದಾರೆ, ನಾವೂ ಉಪವಾಸವಿದ್ದು ಬೇಡಿದ್ದೇವೆ. ಏನೂ ಬದಲಾಗಿಲ್ಲ. "ನಿನ್ನ ಚಿತ್ತ ನೆರವೇರಲಿ" ಅಂತ ದಿನಾ ಹೇಳುತ್ತೇನೆ. ಹೇಳುವಾಗ ಗಂಟಲು ಕಟ್ಟುತ್ತದೆ. ಅದನ್ನು ಮನಸ್ಸಿನಿಂದ ಹೇಳುವುದು ಹೇಗೆ? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಲಿಂಗರಾಜಪುರ_ಅಂಕಲ್
ಪಟ್ಟಿಯನ್ನು ಬಿಡಬೇಡಿ ಬ್ರದರ್. ಶಿಷ್ಯರು "ನಮಗೂ ಪ್ರಾರ್ಥನೆ ಕಲಿಸು" ಅಂತ ಕೇಳಿದಾಗ ಯೇಸು ಸ್ವಾಮಿ ಕೊಟ್ಟ ಕರ್ತನ ಪ್ರಾರ್ಥನೆಯಲ್ಲೇ ದಿನದ ರೊಟ್ಟಿ ಇದೆ. ಫೀಸು, ಇಎಂಐ ಎಲ್ಲ ಆ ರೊಟ್ಟಿಯೊಳಗೇ ಬಂತು, ಅಲ್ವಾ? ಮೇಸ್ತ್ರಿಯ ವಿಷಯ "ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವಂತೆ" ಅನ್ನುವ ಕಡೆ ಬರುತ್ತದೆ. ಆದರೆ ರೊಟ್ಟಿ ನಾಲ್ಕನೇ ಬೇಡಿಕೆ. ಮೊದಲ ಮೂರರಲ್ಲಿ ನಾವೇ ಇಲ್ಲ. ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್‌ಗೆ ಪೇತರ್ ಅಂತ ಒಬ್ಬ ಕ್ಷೌರಿಕ ಗೆಳೆಯನಿದ್ದ. ಪ್ರಾರ್ಥನೆ ಮಾಡುವುದು ಹೇಗೆ ಅಂತ ಅವನು ಕೇಳಿದ್ದಕ್ಕೆ 1535ರಲ್ಲಿ ಲೂಥರ್ ಒಂದು ಸಣ್ಣ ಪುಸ್ತಕವನ್ನೇ ಬರೆದರು. ಅದರ ಸಾರ ಇಷ್ಟು: ಕರ್ತನ ಪ್ರಾರ್ಥನೆಯ ಒಂದೊಂದೇ ಸಾಲು ಹೇಳು, ನಿಲ್ಲು, ಆ ಸಾಲಿಗೆ ನಿನ್ನ ಮಾತು ಸೇರಿಸು. ನಡುವೆ ಯಾವುದಾದರೂ ಸಾಲು ಮನಸ್ಸನ್ನು ಹಿಡಿದರೆ ಉಳಿದದ್ದನ್ನು ಬಿಟ್ಟು ಅಲ್ಲೇ ಇರು. ಮನಸ್ಸು ಅಲೆಯುವ ಬಗ್ಗೆಯೂ ಕ್ಷೌರಿಕನಿಗೆ ಅವನ ಕಸುಬಿನಿಂದಲೇ ಹೇಳುತ್ತಾರೆ. ಒಳ್ಳೆಯ ಕ್ಷೌರಿಕ ಕಣ್ಣನ್ನೂ ಗಮನವನ್ನೂ ಕತ್ತಿಯ ಮೇಲೆ ಇಡುತ್ತಾನೆ, ಹರಟೆ ಹೊಡೆಯುತ್ತಾ ಕೂತರೆ ಎದುರಿನವನ ಮೂಗು ಕುಯ್ದಾನು ಅಂತ. ನೀವು ಲೇತ್ ಮುಂದೆ ನಿಲ್ಲುವವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಇವತ್ತೇ ಶುರುಮಾಡಿ. ಒಂದು ಕರ್ತನ ಪ್ರಾರ್ಥನೆಗೆ ಕಾಲು ಗಂಟೆ ಕೊಡಿ.

ಶಿವಾಜಿನಗರದವಳು
ನಾನು ಕಥೋಲಿಕಳು. ನನಗೆ ಪ್ರಾರ್ಥನೆಯ ಅಭ್ಯಾಸ ಹತ್ತಿಸಿದ್ದು ಜಪಸರ, ಅಂದರೆ ರೋಸರಿ ಮಣಿಮಾಲೆ. ಅದರ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ನಮ್ಮ ಸಂತ ಮರಿಯಮ್ಮನವರ ಬೆಸಿಲಿಕಾಗೆ ಬಂದವರಿಗೆ ಗೊತ್ತಿರುತ್ತದೆ. ಈಗಿರುವ ಎತ್ತರದ ಗೋಪುರದ ದೇವಾಲಯ ಪ್ರತಿಷ್ಠೆಯಾದದ್ದು 1882ರ ಸೆಪ್ಟೆಂಬರ್ 8ರಂದು, ಬೆಸಿಲಿಕಾ ಆದದ್ದು 1974ರಲ್ಲಿ. ಪ್ರತಿ ವರ್ಷ ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಆಮೇಲೆ ನೊವೆನಾ ಅನ್ನುವ ಒಂಬತ್ತು ದಿನದ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಹಬ್ಬ ಮತ್ತು ತೇರು. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಉಟ್ಟು ಬರುತ್ತಾರೆ. ಬೇರೆ ಧರ್ಮದವರೂ ಬರುತ್ತಾರೆ. ಬಸ್ ಸ್ಟ್ಯಾಂಡ್ ಕಡೆಯ ಗಲಾಟೆ, ಮೇಣದಬತ್ತಿ ಮಾರುವವರ ಕೂಗು, ತಳ್ಳಾಟ. ಧ್ಯಾನಕ್ಕೆ ಇದಕ್ಕಿಂತ ಕೆಟ್ಟ ಜಾಗ ಇರಲಾರದು ಅಂತ ಮೊದಲ ಸಲ ಬಂದವರಿಗೆ ಅನ್ನಿಸಬಹುದು.

ಆದರೆ ಆ ಸಾಲಿನಲ್ಲಿ ನಿಂತವರ ಕೈ ನೋಡಿ. ಕಳೆದ ನೊವೆನಾದಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಮರದ ಮಣಿಯ ಜಪಸರ, ಮಣಿಗಳು ಸವೆದು ಕಪ್ಪಾಗಿ ಹೊಳೆಯುತ್ತಿದ್ದವು. ಒಂದು ಕಡೆ ದಾರ ಹರಿದು ನೀಲಿ ನೂಲಿನಲ್ಲಿ ಗಂಟು ಹಾಕಿದ್ದರು. ಮೊಮ್ಮಗು ಸೆರಗು ಎಳೆಯುತ್ತಿತ್ತು, ಅದಕ್ಕೆ ಬಿಸ್ಕೆಟ್ ಕೊಟ್ಟರು, ಪಕ್ಕದವರಿಗೆ ಜಾಗ ಬಿಟ್ಟರು, ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ. "ನಮೋ ಮರಿಯಾ" ತುಟಿಯಲ್ಲಿ ಹರಿಯುತ್ತಲೇ ಇತ್ತು. ಆ ನೀಲಿ ಗಂಟು ಬಂದಾಗಲೆಲ್ಲ ಕ್ಷಣ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಯಾರಿಗಾಗಿ ಅಂತ ನಾನು ಕೇಳಲಿಲ್ಲ.

ಜಪಸರ ಅಂದರೆ ಬರೀ ಎಣಿಕೆ ಅಲ್ಲ. ಒಂದೊಂದು ಹತ್ತು ಮಣಿಗೂ ಯೇಸುವಿನ ಬದುಕಿನ ಒಂದು ಘಟನೆ ಮನಸ್ಸಿನಲ್ಲಿ ಇರಬೇಕು. ಹುಟ್ಟು, ತೋಟದ ಸಂಕಟ, ಶಿಲುಬೆ, ಪುನರುತ್ಥಾನ. ಬಾಯಿ ಒಂದು ಕೆಲಸ ಮಾಡುತ್ತಿರುತ್ತದೆ, ಕೈ ಇನ್ನೊಂದು. ಅವೆರಡೂ ಕೆಲಸದಲ್ಲಿ ಇದ್ದಾಗ ಮನಸ್ಸು ಸುಮ್ನೆ ಆ ಘಟನೆಯ ಮುಂದೆ ಕೂರುತ್ತದೆ. ನನ್ನದೇ ಮಾತು ಹುಡುಕಬೇಕಾಗಿಲ್ಲ. ತುಂಬಾ ದಣಿದ ದಿನ ಇದು ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತು.

ವಾಕ್ಯವೇ_ದೀಪ
ಸಿಸ್ಟರ್, ಬೇಸರ ಮಾಡಿಕೊಳ್ಳಬೇಡಿ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಸ್ವಾಮಿಯೇ ಹೇಳಿದ್ದಾರಲ್ಲ, ಅನ್ಯಜನರ ಹಾಗೆ ಹೇಳಿದ್ದನ್ನೇ ಹೇಳಬೇಡಿ, ಬಹಳ ಮಾತಿಗೆ ದೇವರು ಕಿವಿಗೊಡುತ್ತಾನೆ ಅಂದುಕೊಳ್ಳಬೇಡಿ ಅಂತ. ನಮ್ಮ ಸಭೆಯಲ್ಲಿ ನಾವು ಆತ್ಮ ನಡೆಸಿದ ಹಾಗೆ, ಬಾಯಿ ಬಿಟ್ಟು, ಸ್ವಂತ ಮಾತಿನಲ್ಲಿ ಪ್ರಾರ್ಥಿಸುತ್ತೇವೆ. ಅದರಲ್ಲೊಂದು ಬಿಡುಗಡೆ ಇದೆ.

ಪೀಣ್ಯದ ಬ್ರದರ್‌ಗೆ ನನ್ನ ಮಾತು: ಸಂಶಯ ಬಿಟ್ಟು ಕೇಳಿ. ಬೇಡಿದ್ದನ್ನೆಲ್ಲ ಹೊಂದಿದ್ದೇವೆಂದು ನಂಬಿರಿ ಅನ್ನುತ್ತದೆ ಮಾರ್ಕ 11. ಗುಣವಾದವರ ಸಾಕ್ಷಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಡುವ ಮೊದಲೇ "ನಿನ್ನ ಚಿತ್ತ" ಅಂದುಬಿಟ್ಟರೆ ಕೆಲವು ಸಲ ನಮ್ಮ ನಂಬಿಕೆ ಕೈ ಕಟ್ಟಿ ಕೂತ ಹಾಗಾಗುತ್ತದೆ.

ಶಿವಾಜಿನಗರದವಳು
ಬೇಸರವಿಲ್ಲ ಬ್ರದರ್. ಸ್ವಾಮಿ ಬೇಡ ಅಂದದ್ದು ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಅನ್ನುವ ಲೆಕ್ಕಾಚಾರವನ್ನು. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅವರೇ ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ 26ರಲ್ಲಿ ಇದೆ. ಕೀರ್ತನೆ 136 ನೋಡಿ. 26 ವಚನ, ಪ್ರತಿಯೊಂದರ ಕೊನೆಗೂ ಅದೇ ಸಾಲು, ಆತನ ಕೃಪೆ ಶಾಶ್ವತ ಅಂತ. ನಿಮ್ಮ ಸ್ವಂತ ಮಾತಿನ ಪ್ರಾರ್ಥನೆಯ ಬಗ್ಗೆ ನನಗೆ ಗೌರವ ಇದೆ. ನನ್ನ ಅಕ್ಕನ ಮನೆಯವರು ನಿಮ್ಮ ಹಾಗೇ ಪ್ರಾರ್ಥಿಸುವವರು.

ರಾತ್ರಿಪಾಳಿ_ನರ್ಸ್
ನಾನು ಓದಿ ಸುಮ್ಮನಿರೋಣ ಅಂದುಕೊಂಡಿದ್ದೆ. ನಂಬಿಕೆ ಕೈ ಕಟ್ಟಿ ಕೂರುತ್ತದೆ ಅನ್ನುವ ಮಾತು ನೋಡಿದ ಮೇಲೆ ಆಗಲಿಲ್ಲ.

ನಾನು ಈ ಊರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಒಬ್ಬ ತಾಯಿ ಇದ್ದಳು, ಕೋಲಾರ ಕಡೆಯವಳು. ಮಗುವಿಗೆ ರಕ್ತದ ಕ್ಯಾನ್ಸರ್. ಮಂಚದ ಕಂಬಿಗೆ ಒಂದು ಸಣ್ಣ ಶಿಲುಬೆ ಕಟ್ಟಿದ್ದಳು. ಪ್ರಾರ್ಥನೆಗೆ ಅಂತ ಬಂದ ಒಬ್ಬರು ಹೋಗುವಾಗ ಅವಳಿಗೆ ಹೇಳಿದರು, "ನಿನ್ನಲ್ಲಿ ಎಲ್ಲೋ ಅಪನಂಬಿಕೆ ಇದೆ ಮಗಳೇ, ಅದನ್ನು ತೆಗೆದುಹಾಕು, ಮಗು ಏಳುತ್ತದೆ." ಅವರು ಕೆಟ್ಟವರಲ್ಲ. ಆದರೆ ಆ ರಾತ್ರಿಯಿಂದ ಆ ತಾಯಿ ನಿದ್ದೆ ಮಾಡಲಿಲ್ಲ. ಮಗುವಿನ ಜ್ವರ ಏರಿದಾಗಲೆಲ್ಲ ಮೂಲೆಗೆ ಹೋಗಿ ತನ್ನ ಮನಸ್ಸನ್ನೇ ಬಗೆದು ನೋಡುವಳು, ಎಲ್ಲಿ ಸಂಶಯ ಬಂತು, ಯಾವಾಗ ಬಂತು ಅಂತ. ಮಗುವಿನ ಕೈ ಹಿಡಿದುಕೊಳ್ಳಬೇಕಾದ ಹೊತ್ತದು. ತನ್ನ ನಂಬಿಕೆಯ ತೂಕ ನೋಡುವುದರಲ್ಲೇ ಆ ಹೊತ್ತು ಹೋಯಿತು. ಮಗು ಉಳಿಯಲಿಲ್ಲ. ಅವಳು ಶಿಲುಬೆಯನ್ನು ಕಂಬಿಯಲ್ಲೇ ಬಿಟ್ಟು ಹೋದಳು. ಅದನ್ನು ಬಿಚ್ಚಿ ಎತ್ತಿಟ್ಟವಳು ನಾನು.

ಬೈಬಲಿನ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಒಂದು ಸಲ ಓದಿ ಬ್ರದರ್. ಯೇಸುವಿನ ಶಿಷ್ಯ ಪೇತ್ರನನ್ನು ದೇವದೂತ ಸೆರೆಮನೆಯಿಂದ ಬಿಡಿಸಿದ್ದು ನಮಗೆಲ್ಲ ಬಾಯಿಪಾಠ. ಆದರೆ ಆ ಅಧ್ಯಾಯ ಶುರುವಾಗುವುದು ಇನ್ನೊಬ್ಬ ಶಿಷ್ಯ ಯಾಕೋಬನ ಸಾವಿನಿಂದ. ರಾಜ ಹೆರೋದ ಅವನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಭೆ, ಒಂದೇ ಕಾಲ. ಇಬ್ಬರೂ ಸ್ವಾಮಿಗೆ ತೀರಾ ಹತ್ತಿರದವರು. ಒಬ್ಬ ಬಿಡುಗಡೆಯಾದ, ಒಬ್ಬ ಸತ್ತ. ಯಾಕೋಬನಿಗಾಗಿ ಬೇಡಿದವರ ನಂಬಿಕೆ ಕಡಿಮೆಯಾಗಿತ್ತು ಅಂತ ಆ ಪುಸ್ತಕ ಬರೆದ ಲೂಕ ಎಲ್ಲೂ ಬರೆದಿಲ್ಲ. ಕಾರಣವನ್ನೇ ಬರೆದಿಲ್ಲ. ಪೇತ್ರ ಬಂದು ಬಾಗಿಲು ತಟ್ಟಿದಾಗ, ಪ್ರಾರ್ಥಿಸುತ್ತಿದ್ದವರೇ ಅದನ್ನು ನಂಬಲಿಲ್ಲ. ಸುದ್ದಿ ತಂದ ಹುಡುಗಿಗೆ ಹುಚ್ಚು ಅಂದರು. ಅಷ್ಟು ನಂಬಿಕೆಗೇ ದೇವರು ಬಾಗಿಲು ತೆರೆದಿದ್ದ.

ಪೌಲನು ತನ್ನ ಶರೀರದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿದ, ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಗೆತ್ಸೇಮನೆಯಲ್ಲಿ ಸ್ವಾಮಿ "ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ" ಅಂತ, ಅಂದರೆ ಈ ಸಂಕಟ ತಪ್ಪಲಿ ಅಂತ, ಮೊದಲು ಕೇಳಿದರು. ಕೇಳಿದ ಮೇಲೆಯೇ "ನಿನ್ನ ಚಿತ್ತ" ಅಂದರು. ಬೆವರು ರಕ್ತದ ಹನಿಗಳಂತೆ ಬಿತ್ತು ಅನ್ನುತ್ತಾನೆ ಲೂಕ. ಪೀಣ್ಯದ ಅಣ್ಣ, ಆ ಮಾತು ಹೇಳುವಾಗ ನಿಮ್ಮ ಗಂಟಲು ಕಟ್ಟುತ್ತದೆ ಅಂದಿರಲ್ಲ. ಅವರಿಗೂ ಸುಲಭವಾಗಿ ಬರಲಿಲ್ಲ. ಗಂಟಲು ಕಟ್ಟಿಯೇ ಹೇಳಿ. ಅದು ಮನಸ್ಸಿನಿಂದ ಬಂದ ಮಾತೇ.

ವಾಕ್ಯವೇ_ದೀಪ
ಸಿಸ್ಟರ್, ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಆ ತಾಯಿಗೆ ಅಂಥ ಮಾತು ಹೇಳಬಾರದಿತ್ತು. ರೋಗಿಯ ಮಂಚದ ಪಕ್ಕ ನಿಂತು ನಂಬಿಕೆಯನ್ನು ಅಳೆಯುವುದು ನಮ್ಮ ಕೆಲಸವಲ್ಲ, ಇದನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ಒಂದನ್ನು ಬಿಟ್ಟುಕೊಡಲಾರೆ. ಧೈರ್ಯವಾಗಿ ಕೇಳುವುದನ್ನು. ಲೂಕ 18ರ ವಿಧವೆ ನ್ಯಾಯಾಧಿಪತಿಯ ಬೆನ್ನು ಬಿಡಲಿಲ್ಲ. ಮಕ್ಕಳಿಲ್ಲದ ಹನ್ನಳು ಶಿಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾ ಅತ್ತಳು, ಯಾಜಕ ಏಲಿ ಇವಳು ಕುಡಿದಿದ್ದಾಳೆ ಅಂದುಕೊಂಡ. ನಿರಾಸೆಗೆ ಹೆದರಿ ಸಣ್ಣದನ್ನೇ ಕೇಳುತ್ತಾ ಹೋದರೆ ನಾವು ದೇವರನ್ನೇ ಸಣ್ಣ ಮಾಡುತ್ತೇವೆ. ಬ್ರದರ್, ಅಮ್ಮನ ಗುಣಕ್ಕಾಗಿ ಕೇಳುವುದನ್ನು ನಿಲ್ಲಿಸಬೇಡಿ. ನಮ್ಮ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಅವರನ್ನು ನೆನೆಯುತ್ತೇನೆ.

ರಾತ್ರಿಪಾಳಿ_ನರ್ಸ್
ಖಂಡಿತ ನೆನೆಯಿರಿ ಬ್ರದರ್. ನಾನೂ ಪಾಳಿ ಶುರುವಾಗುವ ಮುಂಚೆ ಪ್ರತಿ ಮಂಚದ ಹೆಸರು ಹಿಡಿದು ಗುಣಕ್ಕಾಗಿಯೇ ಕೇಳುತ್ತೇನೆ. ಅದರಲ್ಲಿ ನಮಗೆ ಜಗಳವಿಲ್ಲ.

ಪೀಣ್ಯ_ಪಾಳಿ
ಎಲ್ಲರಿಗೂ ತುಂಬಾ ಧನ್ಯವಾದ. ಆ 12ನೇ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದೇನೋ, ಯಾಕೋಬ ಕಣ್ಣಿಗೇ ಬಿದ್ದಿರಲಿಲ್ಲ.

ಈಗ ಕೆಲಸದ ಪ್ರಶ್ನೆ. ಮೊದಲ ಪಾಳಿ ಇದ್ದರೆ ಬೆಳಗ್ಗೆ ಕತ್ತಲಲ್ಲೇ ಹೊರಡಬೇಕು. ರಾತ್ರಿ ಕೂತರೆ ತೂಕಡಿಕೆ. ಮನೆ ಒಂದು ಹಾಲ್, ಒಂದು ಅಡುಗೆಮನೆ. ಅಮ್ಮ, ಮಗಳು, ಟಿವಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅನ್ನುತ್ತದೆ ವಾಕ್ಯ. ಕೋಣೆಯೇ ಇಲ್ಲದವನು ಏನು ಮಾಡಬೇಕು?

ಈಜಿಪುರ_ಹೊಸಬಳು
ಅಣ್ಣ, ಇದಕ್ಕೆ ನಾನು ಉತ್ತರ ಕೊಡಬಲ್ಲೆ. ನಮ್ಮ ಮನೆಯಲ್ಲಿ ಯೇಸುವನ್ನು ನಂಬುವವಳು ನಾನೊಬ್ಬಳೇ. ಅತ್ತೆ ಒಳ್ಳೆಯವರು, ಅವರ ಪೂಜೆ ಅವರಿಗೆ. ಜಗಳ ಏನಿಲ್ಲ, ಆದರೆ ನನಗೆ ಅಂತ ಒಂದು ಮೂಲೆಯೂ ಇಲ್ಲ.

ನಮ್ಮ ಸಭೆಯ ಆಂಟಿ ಒಬ್ಬರು ಸುಸನ್ನಾ ವೆಸ್ಲಿ ಬಗ್ಗೆ ಹೇಳಿದರು. ಮೆಥಡಿಸ್ಟ್ ಸಭೆ ಶುರುಮಾಡಿದ ಜಾನ್ ವೆಸ್ಲಿಯ ತಾಯಿ. 19 ಮಕ್ಕಳನ್ನು ಹೆತ್ತವಳು, ಅದರಲ್ಲಿ 9 ಶಿಶುವಾಗಿದ್ದಾಗಲೇ ತೀರಿಕೊಂಡವು. ಮನೆ ತುಂಬ ಗಲಾಟೆ. ಪ್ರಾರ್ಥನೆಯ ಹೊತ್ತಿಗೆ ಅವಳು ಮುಂದೆ ಕಟ್ಟಿಕೊಂಡ ಬಟ್ಟೆಯನ್ನೇ ತಲೆ ಮೇಲೆ ಎಳೆದುಕೊಂಡು ಕೂರುತ್ತಿದ್ದಳಂತೆ. ಅಮ್ಮ ಹಾಗೆ ಕೂತರೆ ಮಾತಾಡಿಸಬಾರದು ಅಂತ ಮಕ್ಕಳಿಗೆ ಗೊತ್ತಿತ್ತಂತೆ. ನನಗೆ ಸೆರಗು ಇದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಪಕ್ಕ ಕೂತು ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತೇನೆ. ಈಗ ಅತ್ತೆಯೇ ಮಕ್ಕಳಿಗೆ "ಅಮ್ಮ ಪ್ರಾರ್ಥನೆಯಲ್ಲಿದ್ದಾಳೆ, ಆ ಕಡೆ ಆಡಿಕೊಳ್ಳಿ" ಅನ್ನುತ್ತಾರೆ.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಕಾರ್ಮೆಲ್ ಮಠದಲ್ಲಿ ಅಡುಗೆ ಕೆಲಸಕ್ಕಿದ್ದ ಬ್ರದರ್ ಲಾರೆನ್ಸ್ ಬಗ್ಗೆಯೂ ಅವರೇ ಹೇಳಿದ್ದು. ಅವರಿಗೆ ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಅಂತ ಬೇರೆ ಬೇರೆ ಇರಲಿಲ್ಲವಂತೆ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತು. ನಾನು ಅಷ್ಟು ದೂರ ಹೋಗಿಲ್ಲ. ಚಪಾತಿ ಲಟ್ಟಿಸುವಾಗ ಒಂದೊಂದು ಚಪಾತಿಗೂ ಅದನ್ನು ತಿನ್ನುವವರ ಹೆಸರು ಹೇಳುತ್ತೇನೆ, ಅಷ್ಟೇ.

ಸಿಲ್ಕ್‌ಬೋರ್ಡ್_ಪ್ರಯಾಣಿಕ
ಪ್ರಯಾಣದ ಹೊತ್ತನ್ನು ಬಳಸಿ. ಬೆಂಗಳೂರಿನವರಿಗೆ ದೇವರು ಧಾರಾಳವಾಗಿ ಕೊಟ್ಟಿರುವುದು ಅದನ್ನೇ. ನೀವು ಮೆಟ್ರೊದಲ್ಲಿ ಹೋಗುವವರಾದರೆ ದಾಸರಹಳ್ಳಿಯಿಂದ ಪೀಣ್ಯಕ್ಕೆ ಕೂತು ಏಳುವಷ್ಟೂ ಹೊತ್ತಿಲ್ಲ, ನಿಜ. ಮನೆಯಿಂದ ನಡೆಯುವುದನ್ನೂ ಸೇರಿಸಿಕೊಳ್ಳಿ.

ನಾನು ವಾಪಸ್ ಬರುವಾಗ ಜೆಸ್ವಿಟ್ ಸನ್ಯಾಸಿ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ ದಿನದ ಪರಿಶೀಲನೆ ಮಾಡುತ್ತೇನೆ. ಸೇಂಟ್ ಮಾರ್ಕ್ಸ್ ರಸ್ತೆಯ ಆಶೀರ್ವಾದ್ ಕೇಂದ್ರದಲ್ಲಿ ಜೆಸ್ವಿಟ್ ಫಾದರ್ ಒಬ್ಬರಿಂದ ಕಲಿತದ್ದು. ಮೊದಲು ಈ ದಿನಕ್ಕಾಗಿ ಕೃತಜ್ಞತೆ. ಆಮೇಲೆ, ನನ್ನನ್ನು ನಾನು ಸರಿಯಾಗಿ ನೋಡಿಕೊಳ್ಳಲು ಬೆಳಕು ಕೊಡು ಅಂತ ಬೇಡಿಕೆ. ಆಮೇಲೆ ಬೆಳಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡುವುದು. ತಪ್ಪಿದ ಕಡೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ. ಮುಖ್ಯವಾದದ್ದು ಆ ನಡುವಿನ ಭಾಗ. "ದೇವರು ಇವತ್ತು ಎಲ್ಲಿದ್ದ?" ಅಂತ ಕೇಳಿಕೊಳ್ಳುತ್ತೇನೆ. ಮೊದಮೊದಲು ಏನೂ ಹೊಳೆಯುವುದಿಲ್ಲ. ಬರುಬರುತ್ತಾ, ಕ್ಯಾಂಟೀನಿನ ಹುಡುಗ ಕೇಳದೇ ಕಾಫಿ ತಂದಿಟ್ಟದ್ದು, ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡದ್ದು, ಇಂಥವು ಕಾಣುತ್ತವೆ. ನನಗೆ ದೇವರ ಮೇಲಿನ ಭರವಸೆ ಬೆಳೆದದ್ದು ಪ್ರಸಂಗ ಕೇಳಿ ಅಲ್ಲ, ಹೀಗೆ ದಿನವನ್ನು ತಿರುಗಿ ನೋಡಿ.

ಮೊಬೈಲ್ ಮಾತ್ರ ಬ್ಯಾಗಿನೊಳಗೆ ಇರಬೇಕು. ಪ್ರಾರ್ಥನೆಯ ಆ್ಯಪ್ ತೆರೆದವನು ಕ್ರಿಕೆಟ್ ಸ್ಕೋರ್‌ನಲ್ಲಿ ಮುಗಿಸುತ್ತಾನೆ.

ನಿವೃತ್ತ_ಅಯ್ಯನವರು
ಹಲವು ದಿನಗಳಿಂದ ಈ ಚರ್ಚೆ ಓದುತ್ತಿದ್ದೇನೆ. ಕನ್ನಡ ಸಭೆಗಳಲ್ಲಿ ಸೇವೆ ಮಾಡಿ ನಿವೃತ್ತನಾದ ಸಭಾಪಾಲಕ ನಾನು. ಪೀಣ್ಯದ ತಮ್ಮನ ಮೊದಲ ಪ್ರಶ್ನೆಗೆ ಇನ್ನೂ ಒಂದು ಉತ್ತರ ಬಾಕಿ ಇದೆ ಅನ್ನಿಸಿತು. ನಿಮ್ಮ ತಂದೆಯ ಮುಂದೆ ಯಾರೋ ಕೂತಿದ್ದ ಹಾಗೆ ಇರುತ್ತಿತ್ತು ಅಂದಿರಿ. ಅದಕ್ಕಿಂತ ಮುಂಚೆ ಇನ್ನೊಂದು ಮಾತು ಹೇಳಿದ್ದೀರಿ. ಮೊದಲು ಒಂದು ಕೀರ್ತನೆ ಓದುತ್ತಿದ್ದರು ಅಂತ. ಆ ಎರಡಕ್ಕೂ ಸಂಬಂಧ ಇದೆ ಅಂತ ನನ್ನ ಗಟ್ಟಿ ನಂಬಿಕೆ.

ನಮ್ಮ ಹಿರಿಯರ ಪ್ರಾರ್ಥನೆಯ ಬೇರು ಕೀರ್ತನೆಗಳಲ್ಲಿತ್ತು. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಅಕ್ಷರ ಬಾರದ ಅಜ್ಜಿಯರೂ 23, 91, 121ನೇ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದುದನ್ನು ನಾನು ಹಳ್ಳಿ ಸಭೆಗಳಲ್ಲಿ ಕೇಳಿ ಬೆಳೆದವನು. ಈಗ ನಮ್ಮ ಆರಾಧನೆಗಳಲ್ಲಿ ಹಾಡು ಜಾಸ್ತಿಯಾಯಿತು, ಸೌಂಡ್ ಸಿಸ್ಟಮ್ ದೊಡ್ಡದಾಯಿತು. ಕೀರ್ತನೆ ಮಾತ್ರ ಕಾರ್ಯಕ್ರಮದ ಒಂದು ಸಾಲಾಗಿ ಉಳಿಯಿತು. ಇದು ನನಗೆ ನಿಜವಾದ ಸಂಕಟ. ಹಾಡಿನ ಮೇಲೆ ಸಿಟ್ಟಿಲ್ಲ. ಆದರೆ ನಾವು ಹಾಡುವುದರಲ್ಲಿ ಹೆಚ್ಚಿನವು ಸಂತೋಷದ ಹಾಡುಗಳು. ಸಂಕಟದಲ್ಲಿರುವವನು ಭಾನುವಾರ ಬಂದರೆ ಅವನ ಬಾಯಿಗೆ ಒಂದು ಮಾತೂ ಸಿಗುವುದಿಲ್ಲ.

150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟ. ದೇವರೇ ಎಷ್ಟರವರೆಗೆ, ನನ್ನನ್ನು ಮರೆತುಬಿಟ್ಟೆಯಾ, ಯಾಕೆ ಮುಖ ಮರೆಮಾಡಿದ್ದೀ. ಕೀರ್ತನೆ 13 ಹೀಗೆ ಶುರುವಾಗಿ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೇ ಕೀರ್ತನೆ ಹಾಗೂ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಇಟ್ಟಿದ್ದಾರೆ. ಶಿಲುಬೆಯ ಮೇಲೆ ಸ್ವಾಮಿಯ ಬಾಯಲ್ಲಿ ಬಂದದ್ದು 22ನೇ ಕೀರ್ತನೆಯ ಮೊದಲ ಸಾಲು, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಅನ್ನುವುದು. ಕೈಬಿಟ್ಟೆ ಅಂತ ದೂರುವಾಗಲೂ "ನನ್ನ ದೇವರೇ" ಅಂದರು. ಭರವಸೆ ಅಂದರೆ ಇದು ಅಂತ ನಾನು ತಿಳಿದಿದ್ದೇನೆ. ದೂರನ್ನು ಬೇರೆಯವರ ಹತ್ತಿರ ಹೇಳದೆ ಆತನ ಹತ್ತಿರವೇ ಒಯ್ಯುವುದು. ನರ್ಸ್ ಮಗಳು ಹೇಳಿದ ಆ ತಾಯಿಗೆ ಯಾರಾದರೂ 13ನೇ ಕೀರ್ತನೆ ಓದಿ ಹೇಳಿದ್ದರೆ, ತನ್ನೊಳಗೆ ಸಂಶಯ ಹುಡುಕುವ ಬದಲು ಅದನ್ನೇ ಎತ್ತಿ ದೇವರ ಮುಂದೆ ಇಡುತ್ತಿದ್ದಳು.

ಹೇಗೆ ಓದಬೇಕು ಅಂತ ಕೇಳುತ್ತೀರಿ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ 150 ಕೀರ್ತನೆಗಳನ್ನು ಬೆಳಗ್ಗೆ ಸಂಜೆ ಅಂತ 30 ದಿನಕ್ಕೆ ಹಂಚಿದ್ದಾರೆ. ಬೆನೆಡಿಕ್ಟ್ ಮಠದವರು ವಾರಕ್ಕೇ ಪೂರ್ತಿ ಮುಗಿಸುತ್ತಿದ್ದರು. ನಿಮಗೆ ಅಷ್ಟು ಬೇಡ. ದಿನಕ್ಕೆ ಒಂದು, ಕ್ರಮವಾಗಿ, ಗಟ್ಟಿಯಾಗಿ. ಇಷ್ಟವಾದದ್ದನ್ನೇ ಆರಿಸಿಕೊಳ್ಳಬೇಡಿ. ಸಂತೋಷದ ದಿನ ಗೋಳಿನ ಕೀರ್ತನೆ ಬಂದರೆ ಅಳುತ್ತಿರುವ ಬೇರೆ ಯಾರಿಗಾಗಿಯೋ ಓದಿ. ನಿಮ್ಮ ದುಃಖದ ದಿನ ಸ್ತೋತ್ರದ ಕೀರ್ತನೆ ಬಂದರೆ, ಇವತ್ತು ಸಂತೋಷದಲ್ಲಿರುವ ಸಭೆಯ ಜೊತೆ ನಿಂತು ಓದಿ. ನಮ್ಮ ಮನಸ್ಸು ಎಲ್ಲಿದೆಯೋ ಅಲ್ಲಿಗೇ ಪ್ರಾರ್ಥನೆ ಸಿಕ್ಕಿಕೊಳ್ಳದ ಹಾಗೆ ಈ ಕ್ರಮ ಕಾಪಾಡುತ್ತದೆ.

ಒಂದು ಕೀರ್ತನೆ ಮನಸ್ಸಿಗೆ ಹತ್ತಿದರೆ ಅಲ್ಲಿ ತಂಗಿ. 12ನೇ ಶತಮಾನದಲ್ಲಿ ಗೀಗೋ ಅನ್ನುವ ಕಾರ್ತೂಸಿಯನ್ ಸನ್ಯಾಸಿ ನಾಲ್ಕು ಮೆಟ್ಟಿಲು ಹೇಳಿದ್ದಾನೆ. ಓದು, ಮನನ, ಪ್ರಾರ್ಥನೆ, ಕೊನೆಗೆ ಮಾತಿಲ್ಲದೆ ದೇವರ ಮುಂದೆ ಇರುವುದು. ನಾಲ್ಕನೆಯದು ನಾವು ಏರುವುದಲ್ಲ, ಆತ ಕೊಡುವುದು. ಕೊಡದಿದ್ದ ದಿನ ಮೊದಲ ಮೂರರಲ್ಲೇ ಇರಿ.

ಶಿವಾಜಿನಗರದವಳು
ಅಯ್ಯನವರೇ, ನಮ್ಮ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ಪ್ರತಿದಿನ ಒಂದು ಕೀರ್ತನೆಯ ಭಾಗ ಬರುತ್ತದೆ, ನಾವು ಪಲ್ಲವಿ ಹೇಳುತ್ತೇವೆ. ಅದನ್ನು ಇನ್ನು ಮುಂದೆ ಬೇರೆ ಕಿವಿಯಲ್ಲಿ ಕೇಳುತ್ತೇನೆ.

ಏನೂ ಅನ್ನಿಸುವುದಿಲ್ಲ ಅನ್ನುವವರಿಗೆ ಒಂದು ಮಾತು. 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ ಆವಿಲದ ತೆರೇಸಮ್ಮನವರು ಪ್ರಾರ್ಥನೆಯ ಬಗ್ಗೆ ಇಡೀ ಲೋಕಕ್ಕೆ ಕಲಿಸಿದವರು. ಅವರೇ, ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದ ವರ್ಷಗಳ ಬಗ್ಗೆ ಬರೆದಿದ್ದಾರೆ. ಕಲ್ಕತ್ತೆಯ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಬಂದಾಗ, ದಶಕಗಳ ಕಾಲ ಅವರಿಗೆ ದೇವರ ಇರುವಿಕೆಯೇ ತಿಳಿಯುತ್ತಿರಲಿಲ್ಲ ಅಂತ ಗೊತ್ತಾಯಿತು. ಆದರೂ ಇಬ್ಬರೂ ಎದ್ದು ಹೋಗಲಿಲ್ಲ.

ಪೀಣ್ಯ_ಪಾಳಿ
ಅಯ್ಯನವರೇ, ಕೀರ್ತನೆ 1ರಿಂದ ಶುರುಮಾಡಿದ್ದೇನೆ. ಊಟಕ್ಕೆ ಮುಂಚೆ, ಟಿವಿ ಆರಿಸಿ. ಮಗಳು ಒಂದು ವಚನ, ನಾನು ಒಂದು ವಚನ. ಅಮ್ಮ ಮಲಗಿದಲ್ಲಿಂದಲೇ ಕೇಳುತ್ತಾರೆ. ಕೀರ್ತನೆ 6ರ ದಿನ, ರಾತ್ರಿಯೆಲ್ಲ ಕಣ್ಣೀರಿನಿಂದ ಹಾಸಿಗೆ ನೆನೆಯುತ್ತದೆ ಅನ್ನುವ ವಚನ ಬಂದಾಗ ಅಮ್ಮ "ಅದನ್ನು ಇನ್ನೊಂದು ಸಲ ಓದು" ಅಂದರು. ಆಮೇಲೆ ಅವರೇ ಪ್ರಾರ್ಥನೆ ಮಾಡಿದರು. ಕಾಯಿಲೆ ಬಂದ ಮೇಲೆ ಅವರು ಬಾಯಿ ಬಿಟ್ಟು ಪ್ರಾರ್ಥಿಸಿದ್ದು ಅದೇ ಮೊದಲು. ಗುಣಮಾಡು ಅಂತ ಕೇಳಿದರು, ಸೂಜಿ ಚುಚ್ಚಿದ ಕೈ ನೋವು ಅಂತ ದೂರಿದರು, ಮೊಮ್ಮಗಳ ಹೆಸರು ಹೇಳಿದರು. ಪಟ್ಟಿಯೇ. ಆದರೆ ಅಪ್ಪನ ಪ್ರಾರ್ಥನೆ ಕೇಳಿದ ಹಾಗಿತ್ತು.

ಒಂದು ಅನುಮಾನ. ಕ್ರಮವಾಗಿ ಹೋದರೆ ಮುಂದೆ 88 ಬರುತ್ತದೆ. ಕಾಯಿಲೆಯವರ ಮುಂದೆ ಅದನ್ನು ಓದಬಹುದಾ? ಸಾವು, ಗುಂಡಿ, ಕತ್ತಲೆ ಅಂತೆಲ್ಲ ಇದೆ.

ನಿವೃತ್ತ_ಅಯ್ಯನವರು
ಹಿಂದಿನ ದಿನವೇ ಅಮ್ಮನನ್ನು ಕೇಳಿ ತಮ್ಮಾ. ನಾಳೆಯದು ಹೀಗಿದೆ, ಓದಲಾ ಅಂತ. ಬೇಡ ಅಂದರೆ ನೀವು ನಡೆಯುವಾಗ ಒಬ್ಬರೇ ಓದಿಕೊಳ್ಳಿ, ಅವರಿಗೆ 89 ಓದಿ. ಓದು ಅಂದರೆ ಪೂರ್ತಿ ಓದಿ, ಕೊನೆಯಲ್ಲಿ ಸಮಾಧಾನದ ಮಾತು ಅಂಟಿಸಬೇಡಿ. ಮಗಳು ಚಿಕ್ಕವಳಾದರೆ ಆವತ್ತಿನ ವಚನಗಳನ್ನು ನೀವೇ ಓದಿ.

ರಾತ್ರಿಪಾಳಿ_ನರ್ಸ್
ಡಯಾಲಿಸಿಸ್ ಆದ ದಿನ ಮಾತ್ರ ಬೇಡ ಅಣ್ಣ. ಆವತ್ತು ತುಂಬಾ ಸುಸ್ತು ಇರುತ್ತದೆ, ಚಿಕ್ಕ ಕೀರ್ತನೆ ಸಾಕು. 131 ಇದೆ, ಮೂರೇ ವಚನ, ತಾಯಿಯ ಮಡಿಲಲ್ಲಿ ಸುಮ್ಮನಿರುವ ಮಗುವಿನದು. ಅಮ್ಮನ ಹೆಸರು ಹೇಳಬೇಕಾಗಿಲ್ಲ, ಡಯಾಲಿಸಿಸ್ ಯಾವ ವಾರ ಅಂತ ಮಾತ್ರ ಹೇಳಿ. ಆ ದಿನಗಳಲ್ಲಿ ಪಾಳಿಗೆ ಹೋಗುವ ಮುಂಚೆ ನೆನೆಯುತ್ತೇನೆ.

ಪೀಣ್ಯ_ಪಾಳಿ
ಮಂಗಳವಾರ, ಶುಕ್ರವಾರ.

ವಾಕ್ಯವೇ_ದೀಪ
ಶುಕ್ರವಾರ ನಮ್ಮ ಉಪವಾಸ ಪ್ರಾರ್ಥನೆಯೂ ಇದೆ. ಬರೆದುಕೊಂಡೆ ಬ್ರದರ್.